ಹಂಪಾಪುರಕ್ಕೆ ಬಂದ ದೋಣಿ

ಹಂಪಾಪುರದ ವೀರಭದ್ರಸ್ವಾಮಿಗೆ ಈಜು ಬರುತ್ತಿರಲಿಲ್ಲ. ನೀರಾವರಿ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಗೇಜ್ ರೀಡರ್ ಆಗಿ, ದಿನಾ ಬೆಳಿಗ್ಗೆ ಬೀಚನಹಳ್ಳಿಯ ಡ್ಯಾಮಿನಲ್ಲಿ ನೀರು ಎಷ್ಟು ಅಡಿಗೆ ನಿಂತಿದೆ ಎಂದು ನೋಡಿ ಬರೆದಿಟ್ಟು ನಿವೃತ್ತನಾದ ಮನುಷ್ಯ, ಅಷ್ಟೂ ವರ್ಷದಲ್ಲಿ ಮೊಣಕಾಲಿನಿಂದ ಮೇಲಕ್ಕೆ ಒದ್ದೆಯಾದವನಲ್ಲ. ಇಂಥವನು ಒಂದು ದೋಣಿಯ ಯಜಮಾನನಾದದ್ದು ನೀರಿನ ಮೇಲಿನ ಪ್ರೀತಿಯಿಂದಲ್ಲ, ಹಂಡೆ ಒಲೆಯ ಸೌದೆಗಾಗಿ.

ಇಲಾಖೆಯ ಶೆಡ್ಡಿನ ಹಿಂದೆ ಹಳೆಯ ಮರದ ದೋಣಿಯೊಂದು ಕವುಚಿ ಬಿದ್ದಿತ್ತು. ಹಿಂದೆ ಎಂಜಿನಿಯರುಗಳು ಅದರಲ್ಲಿ ಕೂತು ನೀರಿನ ಆಳ ನೋಡಲು ಹೋಗುತ್ತಿದ್ದರು. ಮುಂದೊಂದು ಹಿಂದೊಂದು ಹಲಗೆ ಮುಚ್ಚಿದ ಗೂಡು, ಸಾಮಾನು ನೆನೆಯದಿರಲೆಂದು ಒಂದೊಂದು ಗೂಡಿಗೂ ಮೇಲಿನಿಂದ ತೆರೆಯುವ ಮುಚ್ಚಳ. ಗುಜರಿ ವಿಲೇವಾರಿಯ ದಿನ ಅದನ್ನು ಯಾರೂ ಕೇಳಲಿಲ್ಲ. ವೀರಭದ್ರಸ್ವಾಮಿ, 'ಒಳ್ಳೇ ಮತ್ತಿ ಮರ, ಒಂದು ವರ್ಷದ ಸ್ನಾನಕ್ಕೆ ಸಾಕು' ಎಂದುಕೊಂಡು ಟ್ರ್ಯಾಕ್ಟರಿನಲ್ಲಿ ಹೇರಿಸಿ ತಂದು ಹಿತ್ತಿಲಲ್ಲಿ ಇಳಿಸಿಕೊಂಡ.

ಅಷ್ಟಕ್ಕೇ ನಿಂತಿದ್ದರೆ ಊರಿಗೆ ಊರೇ ನೆಮ್ಮದಿಯಾಗಿರುತ್ತಿತ್ತು. ಆದರೆ ಮುಂದಿನ ಭಾನುವಾರ ಕೆ.ಆರ್. ನಗರದಲ್ಲಿ ಅವನ ಷಡ್ಡಕ ಧರ್ಮೇಂದ್ರನ ಮನೆಯಲ್ಲಿ ಊಟವಿತ್ತು. ಧರ್ಮೇಂದ್ರನಿಗೆ ಅಕ್ಕಿ ಗಿರಣಿ. ಹೊಸ ಕಾರು ತೆಗೆದುಕೊಂಡಿದ್ದ. ಊಟಕ್ಕೆ ಕರೆದದ್ದೂ ಕಾರು ತೋರಿಸಲಿಕ್ಕೇ ಎಂದು ಎಲ್ಲರಿಗೂ ಗೊತ್ತಿತ್ತು.

"ಮೇಲ್ಗಡೆ ನೋಡಣ್ಣ. ಗುಂಡಿ ಒತ್ತಿದ್ರೆ ಚಾವಣಿ ತಕ್ಕಳ್ತದೆ. ಸನ್‌ರೂಫು. ನಿಮ್ಮ ಎಚ್.ಡಿ. ಕೋಟೆ ತಾಲೂಕಲ್ಲಿ ಯಾರತ್ರಾದ್ರೂ ಇದ್ದಾತಾ?" ಎಂದ ಧರ್ಮೇಂದ್ರ.

ಮೂರು ಹೋಳಿಗೆ ತಿಂದಿದ್ದ ವೀರಭದ್ರಸ್ವಾಮಿಯ ಬಾಯಿಂದ ಮಾತು ತಾನಾಗಿಯೇ ಜಾರಿತು. "ಯಾಕಪ್ಪ, ನನ್ನ ಗಾಡಿಗೆ ಎರಡವೆ."

"ನಿಂಗೆ ಗಾಡಿ ಅದಾ? ಯಾವ ಕಂಪನೀದು?"

"ಗೌರ್ಮೆಂಟ್‌ದು."

"ಎಷ್ಟ್ ಜನ ಕೂರ್ಬೋದು?"

"ಅತ್ತಿಪ್ಪತ್ತು ಜನ ಕೂರ್ಬೋದು."

"ಪೆಟ್ರೋಲಾ, ಡೀಸೆಲ್ಲಾ?"

"ಎರಡೂ ಬೇಡ."

"ಎಲೆಕ್ಟ್ರಿಕ್ಕಾ!" ಎಂದು ಧರ್ಮೇಂದ್ರ ಕಣ್ಣರಳಿಸಿದ. ವೀರಭದ್ರಸ್ವಾಮಿ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ, ಎಲೆ ಅಡಿಕೆ ತಟ್ಟೆಯ ಕಡೆ ಕೈ ಚಾಚಿದ. ಸುಳ್ಳು ಹೇಳದೆ ಇಷ್ಟು ದೂರ ಬಂದವನು ನಮ್ಮ ಕಡೆ ಇನ್ನೊಬ್ಬನಿಲ್ಲ. "ಮಳೆ ಬಂದ್ರೆ ಆ ಸನ್‌ರೂಫ್ ಸೋರಲ್ವಾ?" ಎಂಬ ಕೊನೆಯ ಪ್ರಶ್ನೆಗೆ ಮಾತ್ರ ಅವನು ಎದೆಯುಬ್ಬಿಸಿ, "ಒಂದು ಅನಿ ಇಳಿಯಲ್ಲ" ಎಂದುಬಿಟ್ಟ.

"ಅಂಗಾದ್ರೆ ಶಿವರಾತ್ರಿ ಆದ್ಮೇಲಿನ ಭಾನುವಾರ ಬತ್ತೀನಿ. ನಿನ್ನ ಗಾಡೀಲೇ ಒಂದು ರೌಂಡು" ಎಂದ ಧರ್ಮೇಂದ್ರ.

ಊರಿಗೆ ಬರುವ ಹೊತ್ತಿಗೆ ಹೋಳಿಗೆಯ ಮತ್ತು ಇಳಿದಿತ್ತು. ಮಾರನೆಯ ಬೆಳಿಗ್ಗೆ ಹಿತ್ತಿಲಿನಿಂದ ಕೊಡಲಿಯ ಸದ್ದು ಕೇಳಿ ಬರಿಗಾಲಲ್ಲೇ ಓಡಿದ. ಅವನ ಹೆಂಡತಿ, ಹೆಸರಿಗೆ ಕುಳ್ಳಮ್ಮ, ಎತ್ತರದಲ್ಲಿ ಗಂಡನಿಗಿಂತ ಒಂದು ಗೇಣು ಹೆಚ್ಚು, ದೋಣಿಯ ಅಂಚಿಗೆ ಮೊದಲ ಏಟು ಹಾಕಿ ಎರಡನೆಯದಕ್ಕೆ ಕೈ ಎತ್ತಿದ್ದಳು.

"ಒಡೀಬ್ಯಾಡ ಕಣೇ! ಅದು ನಮ್ಮ ಗಾಡಿ!"

ಕುಳ್ಳಮ್ಮ ಕೊಡಲಿ ಇಳಿಸಿ, ಗಂಡನ ಹಣೆ ಮುಟ್ಟಿ ನೋಡಿದಳು. ಜ್ವರವಿರಲಿಲ್ಲ. "ರಾತ್ರಿ ನಿದ್ದೆ ಬಂತಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದಳು.

ಊರಲ್ಲಿದ್ದ ಒಬ್ಬನೇ ಬಡಗಿ ಮಾದೇಶ. ಬಾಗಿಲು ಮಾಡುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ, ಬಾಗಿಲು ಬಿಟ್ಟು ಬೇರೇನನ್ನೂ ಮಾಡಿದವನಲ್ಲ. ದೋಣಿಯ ಸುತ್ತ ಎರಡು ಸಲ ಸುತ್ತಿ, "ಇದಕ್ಕೆ ವಾಸಲು ಯಾವ ಕಡೆ ಬತ್ತದಣ್ಣ?" ಎಂದು ಕೇಳಿದ.

"ವಾಸಲಿಲ್ಲ ಕಣಪ್ಪ. ಮೇಲಿಂದ ಇಳಿಯೋದು. ಈ ಮುಚ್ಚಳಗಳು ಬಿಗಿಯಾಗಬೇಕು. ಒಂದು ಅನಿ ನೀರು ಒಳಿಕ್ಕೆ ಓಗಬಾರ್ದು."

"ಓ, ಬಾಗಿಲು ಮಲಗ್ಯದೆ ಅನ್ನಿ" ಎಂದ ಮಾದೇಶ, ಅವನ ಮುಖ ಬೆಳಗಿತು. ಅಲ್ಲಿಂದ ಕೆಲಸ ಓಡಿತು. ಹಲಗೆಗಳ ಸಂದಿಗೆ ಸೆಣಬಿನ ನಾರು ತುರುಕಿ, ಕಾಯಿಸಿದ ರಾಳ ಹುಯ್ದು, ಉಳಿಯ ಬೆನ್ನಿನಿಂದ ಬಡಿದು ಕೂರಿಸಿದರು. ಕುಳ್ಳಮ್ಮನ ಅಡುಗೆಮನೆಯ ಎರಡು ಸೌಟು ರಾಳಕ್ಕೆ ಬಲಿಯಾದವು. ಬಿರುಕುಬಿಟ್ಟ ಮುಚ್ಚಳಗಳನ್ನು ತೆಗೆದು ಹೊಸದು ಮಾಡಿ, ಟ್ರ್ಯಾಕ್ಟರಿನ ಹಳೇ ಟ್ಯೂಬನ್ನು ಪಟ್ಟಿಯಾಗಿ ಕತ್ತರಿಸಿ ಅವುಗಳ ಅಂಚಿಗೆ ಮೊಳೆ ಹೊಡೆದರು. ಕೀಲು ಕೂರಿಸಿ, ಚಿಲಕ ಹಾಕಿ, ಮಾದೇಶ ಹಿಂದೆ ಸರಿದು ನಿಂತು, ಇದು ಮೈಸೂರಲ್ಲೂ ಸಿಗೋದಿಲ್ಲ ಎಂದ. ಅದು ನಿಜವೇ.

ಇನ್ನು ಪರೀಕ್ಷೆ. ಮುಚ್ಚಳದ ಮೇಲೆ ನೀರು ಹುಯ್ದರೆ ಎಲ್ಲಿ ಸೋರುತ್ತದೆ ಎಂಬುದು ಒಳಗಿದ್ದವನಿಗಷ್ಟೇ ಗೊತ್ತಾಗಬೇಕು. ವೀರಭದ್ರಸ್ವಾಮಿ ಟಾರ್ಚು ಹಿಡಿದು ಮುಂದಿನ ಗೂಡಿನೊಳಗೆ ಇಳಿದು ಕೂತ. ಮಾದೇಶ ಮುಚ್ಚಳ ಹಾಕಿ ಒಂದು ಬಿಂದಿಗೆ ಹುಯ್ದ. ಒಳಗಿನಿಂದ ಎಡ ಬಲ ಎಂದು ಹೇಳಿದರೆ ಯಾರ ಎಡ ಯಾರ ಬಲ ಎಂಬ ಗೊಂದಲವಾಗುತ್ತದೆಂದು, ಊರಿನ ಗುರುತಿನಲ್ಲೇ ಹೇಳುವುದೆಂದು ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದರು. ಮೂವತ್ತೊಂದು ವರ್ಷ ನೀರಿನ ಮಟ್ಟ ಒಪ್ಪಿಸಿದ ಕಂಠ ಅದು. ದೋಣಿಯ ಹೊಟ್ಟೆಯಿಂದ ಗಂಭೀರವಾಗಿ ಕೇಳಿಬಂತು.

"ನೀರು ಬತ್ತಾ ಅದೆ! ಸ್ಕೂಲ್ ಕಡೆ ಏನೂ ಇಲ್ಲ. ಗುಡಿ ಕಡೆ ಜಾಸ್ತಿ ಬತ್ತಾ ಅದೆ. ನಂಜಣ್ಣನ ಮನೆ ಕಡೆ ಪೂರ್ತಿ ನೀರು! ಪೂರ್ತಿ!"

ಮಾದೇಶ ಎರಡನೆಯ ಬಿಂದಿಗೆ ತುಂಬಲು ಮುಂಬಾಗಿಲ ನಲ್ಲಿಗೆ ಹೋಗಿದ್ದ. ಬೇಲಿಯ ಆಚೆ, ತನ್ನ ಟೀ ಅಂಗಡಿಗೆ ಹಾಲು ಒಯ್ಯಲು ಮನೆಗೆ ಬಂದಿದ್ದ ನಂಜಣ್ಣ ಹಾಲಿನ ಕ್ಯಾನು ಹಿಡಿದು ಕಲ್ಲಾಗಿ ನಿಂತಿದ್ದ. ಹಿತ್ತಿಲಲ್ಲಿ ನರಪಿಳ್ಳೆ ಇಲ್ಲ. ಬರೀ ದೋಣಿ, ಅದರೊಳಗಿಂದ ಧ್ವನಿ. ಧ್ವನಿ ತನ್ನ ಮನೆಯ ಹೆಸರು ಹಿಡಿದು ಹೇಳುತ್ತಿದೆ.

ಐದು ನಿಮಿಷದ ಮೇಲೆ ವೀರಭದ್ರಸ್ವಾಮಿ ಹೊರಗೆ ಬಂದು ತಲೆ ಒರೆಸಿಕೊಳ್ಳುತ್ತಿದ್ದಾಗ ಕ್ಯಾನು ಒಳಗಿಟ್ಟು ಬಂದ ನಂಜಣ್ಣ ಬೇಲಿಯ ಹತ್ತಿರ ನಿಂತು ಮೆಲ್ಲಗೆ ಕೇಳಿದ. "ಅಣ್ಣ, ನಮ್ಮನೆ ಕಡೆ ನೀರು ಜಾಸ್ತಿನಾ?"

"ಜಾಸ್ತಿ ಕಣಪ್ಪ. ನಿಮ್ಮನೆ ಕಡೆಯಿಂದ್ಲೇ ಶುರು."

"ನಿಂಗೆಂಗೆ ಗೊತ್ತಾಯ್ತಣ್ಣ?"

"ಒಳಗೆ ಕೂತಿದ್ದೋರಿಗೆ ಗೊತ್ತಾಗ್ದೆ ಇರ್ತದಾ? ಒರಗಿನೋರಿಗೆ ಏನು ಕಂಡಾತು?"

ಒಳಗೆ ಕೂತವರು ಎಂದರೆ ಇಲಾಖೆಯ ಒಳಗೆ ಕೂತವರು. ನಂಜಣ್ಣನಿಗೆ ಅದರಲ್ಲಿ ಎಳ್ಳಷ್ಟೂ ಅನುಮಾನ ಉಳಿಯಲಿಲ್ಲ. ಅಂದು ಅವನ ಅಂಗಡಿಯಲ್ಲಿ ಟೀಗೆ ಸಕ್ಕರೆ ಬೀಳಲಿಲ್ಲ, ಯಾರೂ ಕೇಳಲೂ ಇಲ್ಲ. ಹನ್ನೊಂದು ಗಂಟೆಗೆ ಸುದ್ದಿ 'ನೀರು ಬತ್ತಾ ಅದಂತೆ' ಎಂದಿತ್ತು. ಮಧ್ಯಾಹ್ನಕ್ಕೆ 'ಬೀಚನಹಳ್ಳಿಯ ಕೆಳಗೆ ಇನ್ನೊಂದು ಡ್ಯಾಮಂತೆ' ಆಯಿತು. ಸಂಜೆಯ ಬಸ್ಸು ಬರುವ ಹೊತ್ತಿಗೆ 'ಗುಡಿ ಬೀದಿ ಪೂರ್ತಿ ಮುಳುಗಡೆ, ಪಟ್ಟಿ ರೆಡಿ ಆಗ್ಯದೆ, ಈರಭದ್ರಣ್ಣ ಅದಕ್ಕೇ ದೋಣಿ ತಂದವನೆ' ಎಂದು ಮುಗಿದಿತ್ತು.

ಆ ಮೇಲೆ ಭೇಟಿಗಳು ಶುರುವಾದವು. ಎಂದೂ ಹೊಸಿಲು ತುಳಿಯದವರು ಬಾಳೆಗೊನೆ ಹೊತ್ತು ಬಂದರು. ದೋಣಿಯ ಮೇಲೆ ಊರಿಗೆ ಇದ್ದಕ್ಕಿದ್ದಂತೆ ಇಷ್ಟು ಅಕ್ಕರೆ ಬಂದದ್ದು ಕಂಡು ವೀರಭದ್ರಸ್ವಾಮಿಗೆ ಹೃದಯ ತುಂಬಿಬಂತು.

"ಯಾವಾಗ ಬರ್ಬೋದು ಅಣ್ಣ?" ಎಂದರೆ, "ಶಿವರಾತ್ರಿ ಆದ್ಮೇಲಿನ ಭಾನುವಾರ" ಎಂದು ಧರ್ಮೇಂದ್ರನನ್ನು ನೆನೆದು ಹೇಳುತ್ತಿದ್ದ.

"ಎಷ್ಟು ದೊಡ್ಡದಣ್ಣ?" ಎಂದರೆ, "ಇಪ್ಪತ್ತಡಿ" ಎಂದು ದೋಣಿಯ ಉದ್ದ ಹೇಳುತ್ತಿದ್ದ. ಇಪ್ಪತ್ತಡಿ ನೀರಿಗೆ ಯಾರ ಯಾರ ಮನೆಯ ಹೆಂಚು ಕಾಣುತ್ತದೆ, ಯಾರದು ಕಾಣುವುದಿಲ್ಲ ಎಂದು ಬಂದವರು ಕಣ್ಣಲ್ಲೇ ಅಳೆಯುತ್ತ ಹೋಗುತ್ತಿದ್ದರು.

ಭಯ ಎಂಬುದು ನಮ್ಮ ಊರಿನಲ್ಲಿ ಎರಡು ದಿನಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ಮೂರನೆಯ ದಿನ ಯಾರೋ ಪರಿಹಾರ ಎಂಬ ಪದ ನೆನಪಿಸಿದರು. ಬರೀ ನೆಲಕ್ಕೆ ಒಂದು ರೇಟು, ಮರವಿದ್ದ ನೆಲಕ್ಕೆ ಒಂದು ರೇಟು. ನಾಲ್ಕನೆಯ ದಿನ ಹುಣಸೂರು ಕಡೆಯ ನರ್ಸರಿಗಳಿಂದ ತೆಂಗಿನ ಸಸಿ ತುಂಬಿದ ಟ್ರ್ಯಾಕ್ಟರುಗಳು ಬಂದವು. ನೆತ್ತಿ ಸುಡುವ ಬಿಸಿಲಲ್ಲಿ ಗುಡಿ ಬೀದಿಯವರು ಹೊಲ, ಹಿತ್ತಿಲು, ತಿಪ್ಪೆ ಪಕ್ಕ, ಎಲ್ಲೆಂದರಲ್ಲಿ ಗುಂಡಿ ತೋಡಿ ಸಸಿ ನಿಲ್ಲಿಸಿದರು. ನಂಜಣ್ಣ ಟೀ ಅಂಗಡಿಯ ಮುಂದೆಯೇ ನಾಲ್ಕು ನೆಟ್ಟ. ಗಿರಾಕಿಗಳು ತೆಂಗಿನ ಗರಿಯ ನಡುವೆ ತೂರಿಕೊಂಡು ಹೋಗಿ ಟೀ ಕುಡಿಯಬೇಕಾಯಿತು.

ಇದನ್ನು ನೋಡಿ ಹೊಟ್ಟೆ ಉರಿದದ್ದು ಸ್ಕೂಲ್ ಕಡೆಯವರಿಗೆ. ಅವರ ಮನೆಗಳೊಂದೂ ಪಟ್ಟಿಯಲ್ಲಿಲ್ಲ. ಆ ಭಾಗದ ಪಂಚಾಯಿತಿ ಸದಸ್ಯೆ ಮರಮ್ಮ ಹದಿನೈದು ಜನರನ್ನು ಕಟ್ಟಿಕೊಂಡು ವೀರಭದ್ರಸ್ವಾಮಿಯ ಹಿತ್ತಿಲಿಗೆ ನುಗ್ಗಿದಳು. ಅವನು ಆಗ ಕೊನೆಯ ಸಂದಿಗೆ ರಾಳ ಹುಯ್ಯುತ್ತಿದ್ದ.

"ಏನ್ ಈರಭದ್ರಣ್ಣ, ನಾವೇನು ಮನುಸ್ರಲ್ವಾ? ಗುಡಿ ಕಡೆಯೋರು ಪೂರ್ತಿ ಮುಳುಗಬೇಕು, ನಾವು ಒಂದಡಿನಾದ್ರೂ ಮುಳುಗಬಾರ್ದಾ?"

ಪಾಪ, ಇವರಿಗೂ ದೋಣಿಯಲ್ಲಿ ಕೂರುವ ಆಸೆ, ಮುಳುಗೀತೆಂಬ ಹೆದರಿಕೆಯನ್ನು ಹೀಗೆ ಹೇಳುತ್ತಿದ್ದಾರೆ ಎಂದುಕೊಂಡ ವೀರಭದ್ರಸ್ವಾಮಿ. "ಯಾರೂ ಮುಳುಗೋದು ಬ್ಯಾಡ ಕಣವ್ವ. ಅದಕ್ಕೇ ತಾನೆ ನಾನು ವಾರದಿಂದ ಒದ್ದಾಡ್ತಾ ಇರೋದು. ಗುಡಿ ಕಡೇದನ್ನೂ ಇವತ್ತು ಬಂದ್ ಮಾಡಿಬುಡ್ತೀನಿ."

"ಓಹೋ! ಅಂಗಂದ್ರೆ ಇದನ್ನೆಲ್ಲ ತಡೀತಾ ಇರೋನೇ ನೀನು!" ಎಂದು ಮರಮ್ಮ ಸೆರಗು ಬಿಗಿದಳು. "ನೋಡ್ತೀನಿ ಕಣಣ್ಣೋ. ನಾನು ತಹಶೀಲ್ದಾರ್‌ಗೆ ಬರ್ದು ಆಕ್ತೀನಿ. ಮುಳುಗಿದ್ರೆ ಎಲ್ಲಾ ಮುಳುಗಬೇಕು, ಇಲ್ಲಾಂದ್ರೆ ಯಾರೂ ಮುಳುಗಬಾರ್ದು. ನ್ಯಾಯ ಅಂದ್ರೆ ಅದು!"

ಅವರು ಹೋದ ಮೇಲೆ ವೀರಭದ್ರಸ್ವಾಮಿ ಮತ್ತೆ ಸೌಟು ಎತ್ತಿಕೊಂಡ. ತಾನು ಏನೋ ತಪ್ಪು ಹೇಳಿದೆ ಎಂಬುದು ಗೊತ್ತಾಗುತ್ತಿತ್ತು, ಏನು ಎಂಬುದು ಗೊತ್ತಾಗಲಿಲ್ಲ. ಬಾಳೆಗೊನೆ ಬರುವುದು ಅಂದಿನಿಂದ ನಿಂತಿತು. ಸ್ಕೂಲ್ ಕಡೆಯವರು ದಾರಿಯಲ್ಲಿ ಸಿಕ್ಕರೆ ಮುಖ ತಿರುಗಿಸಿದರು. ಅವರೂ ಬಿಡಲಿಲ್ಲ, ಪಟ್ಟಿಗೆ ಸೇರಿಯೇ ಸೇರುತ್ತೇವೆಂಬ ಹಟಕ್ಕೆ ಇನ್ನೆರಡು ಟ್ರ್ಯಾಕ್ಟರ್ ಸಸಿ ತರಿಸಿದರು.

ಮರಮ್ಮ ಬರೆದದ್ದು ಎಚ್.ಡಿ. ಕೋಟೆಗೆ ಮುಟ್ಟಿತು. ತಹಶೀಲ್ದಾರರು ಎರಡು ಸಲ ಓದಿದರು. 'ನಮ್ಮ ಮನೆಗಳನ್ನು ಮುಳುಗಿಸಿಕೊಡಬೇಕಾಗಿ ವಿನಂತಿ' ಎಂಬ ಅರ್ಜಿ ಅವರ ಸೇವಾವಧಿಯಲ್ಲಿ ಮೊದಲನೆಯದು. ಹೀಗಾಗಿ ಭಾನುವಾರವೆಂದೂ ನೋಡದೆ, ಜೀಪಿನಲ್ಲಿ ಹಂಪಾಪುರಕ್ಕೆ ಬಂದಿಳಿದರು. ಅದು ಶಿವರಾತ್ರಿ ಕಳೆದ ಮೇಲಿನ ಭಾನುವಾರ. ಊರೆಲ್ಲ ವೀರಭದ್ರಸ್ವಾಮಿಯ ಹಿತ್ತಿಲಲ್ಲಿ ಸೇರಿತು.

"ಹೊಸ ಡ್ಯಾಮ್ ಬರುತ್ತೆ ಅಂತ ಹೇಳಿದ್ದು ಯಾರು?" ಎಂದರು ತಹಶೀಲ್ದಾರರು. ಮುನ್ನೂರು ಬೆರಳು ವೀರಭದ್ರಸ್ವಾಮಿಯ ಕಡೆ ತಿರುಗಿದವು.

"ಅಯ್ಯಯ್ಯೋ, ನಾನು ಅಂಗನ್ಲಿಲ್ಲ ಸಾರ್! ನೀರು ಬತ್ತದೆ ಅಂದೆ, ಅಷ್ಟೆ."

"ಎಲ್ಲಿಂದ ಬರುತ್ತೆ?"

"ಬಿಂದಿಗೆಯಿಂದ ಸಾರ್."

ತಹಶೀಲ್ದಾರರು ಕನ್ನಡಕ ತೆಗೆದು ಒರೆಸಿಕೊಂಡರು. ಸರ್ಕಾರಿ ನೌಕರನೊಬ್ಬ ಮೂವತ್ತು ವರ್ಷ ಗೇಜು ನೋಡಿ ನೋಡಿ ಹೀಗಾಗುವುದುಂಟೇ ಎಂದು ಯೋಚಿಸುತ್ತಿದ್ದವರಂತೆ ಕಂಡರು. ಪಿಂಚಣಿಯ ಗತಿಯೇನೆಂದು ಕುಳ್ಳಮ್ಮ ಸೆರಗಿನ ತುದಿ ಕಚ್ಚಿದಳು. ಅದೇ ಗಳಿಗೆಗೆ ಬೀದಿಯಲ್ಲಿ ಹಾರ್ನ್ ಕೇಳಿಸಿತು.

ಬಿಳಿ ಅಂಗಿ, ಬಿಳಿ ಪ್ಯಾಂಟು, ಕಪ್ಪು ಕನ್ನಡಕದ ಧರ್ಮೇಂದ್ರ ಇಳಿದ. ಷಡ್ಡಕನ ಬಾಗಿಲಲ್ಲಿ ಜೀಪು ನಿಂತಿದೆ, ಮೇಲೆ ಕರ್ನಾಟಕ ಸರ್ಕಾರ ಎಂದು ಬರೆದಿದೆ. 'ಗೌರ್ಮೆಂಟ್‌ದು' ಎಂದದ್ದು ನೆನಪಾಯಿತು. ಜೀಪಿನ ಬಾನೆಟ್ಟು ತಟ್ಟಿ, ಟಾಪು ಸವರಿ, "ಇದಕ್ಕೆ ಸನ್‌ರೂಫೇ ಇಲ್ವಲ್ಲ!" ಎಂದು ಗೆದ್ದವನಂತೆ ಕೂಗುತ್ತ ಹತ್ತಿ ಕೂರಲು ಹೋದ. ಡ್ರೈವರು ರಟ್ಟೆ ಹಿಡಿದು ಇಳಿಸಿ ಹಿತ್ತಿಲಿಗೆ ಕರೆತಂದ.

"ಗಾಡಿ ಅದಲ್ಲ ಕಣಪ್ಪ," ಎಂದ ವೀರಭದ್ರಸ್ವಾಮಿ, ದೋಣಿಯ ಕಡೆ ಕೈ ತೋರಿಸಿ. "ಇದು."

ಧರ್ಮೇಂದ್ರ ದೋಣಿ ನೋಡಿದ. ಕನ್ನಡಕ ತೆಗೆದು ಇನ್ನೊಮ್ಮೆ ನೋಡಿದ. ಆಮೇಲೆ ನಗಲು ಶುರುಮಾಡಿದವನು ನಿಲ್ಲಿಸಲಿಲ್ಲ. "ಇದಾ ಎಲೆಕ್ಟ್ರಿಕ್ಕು? ಇದಾ ಸನ್‌ರೂಫು? ಅಯ್ಯೋ ಅಣ್ಣಾ!"

ಊರು, ತಹಶೀಲ್ದಾರು, ಪಿಂಚಣಿ ಯಾವುದೂ ಮಾಡದ ಕೆಲಸವನ್ನು ಆ ನಗೆ ಮಾಡಿತು. ವೀರಭದ್ರಸ್ವಾಮಿಗೆ ರೋಷ ಉಕ್ಕಿತು. "ನಗಬ್ಯಾಡ ಧರ್ಮೇಂದ್ರ. ಒಂದು ಅನಿ ಇಳಿಯಲ್ಲ ಅಂದಿದ್ದೆ, ಇಳಿಯಲ್ಲ. ಧೈರ್ಯ ಇದ್ರೆ ಒಳಗೆ ಕೂತು ನೋಡು!"

ಅಷ್ಟು ಜನರ ಮುಂದೆ ಇಲ್ಲವೆನ್ನಲು ಧರ್ಮೇಂದ್ರನಿಂದಾಗಲಿಲ್ಲ. ಬಿಳಿ ಅಂಗಿಯ ತೋಳು ಮಡಿಸಿ ಮುಂದಿನ ಗೂಡಿಗೆ ಇಳಿದ. ಮಾದೇಶ ಮುಚ್ಚಳವನ್ನು ದಢ್ ಎಂದು ಹಾಕಿ, ಒಂದಾದ ಮೇಲೊಂದರಂತೆ ಆರು ಬಿಂದಿಗೆ ಸುರಿದ. ವೀರಭದ್ರಸ್ವಾಮಿ ಮುಚ್ಚಳದ ಹತ್ತಿರ ಬಾಗಿ ಕೂಗಿದ. "ನೀರು ಬತ್ತಾ ಅದಾ?"

"ಇಲ್ಲಾ!" ಎಂದಿತು ದೋಣಿಯ ಹೊಟ್ಟೆ.

"ಗುಡಿ ಕಡೆ?"

"ಇಲ್ಲಿ ಗುಡಿ ಎಲ್ಲಣ್ಣ ಕಂಡಾತು!"

"ನಿನ್ನ ಮೂಗಿನ ನೇರಕ್ಕೆ ಕಣಪ್ಪ. ಗುಡಿ ಕಡೆ ಬತ್ತಾ ಅದಾ?"

"ಇಲ್ಲಾ!"

"ನಂಜಣ್ಣನ ಮನೆ ಕಡೆ? ಎಡಗಡೆ?"

"ಒಂದು ಅನಿನೂ ಇಲ್ಲಾ!"

ಮುನ್ನೂರು ತಲೆಗಳು ನಿಧಾನವಾಗಿ, ಒಂದರ ಹಿಂದೊಂದು, ನಂಜಣ್ಣನ ಕಡೆ ತಿರುಗಿದವು. ನಂಜಣ್ಣ ಆಕಾಶ ನೋಡಿದ, ಬೇಲಿ ನೋಡಿದ. "ಆಲು ಒಲೆ ಮೇಲಿಟ್ಟು ಬಂದಿದ್ದೆ" ಎಂದ. ಆದರೆ ದಾರಿ ಬಿಡುವವರು ಯಾರೂ ಇರಲಿಲ್ಲ. ತಹಶೀಲ್ದಾರರ ಭುಜ ಮೊದಲು ಅಲುಗಿತು, ಆಮೇಲೆ ಹೊಟ್ಟೆ. ಅವರು ದೋಣಿಯ ಅಂಚು ಹಿಡಿದುಕೊಂಡು ನಕ್ಕರು.

"ಸಾಕು ತೆಗೀರೀ!" ಎಂದ ಧರ್ಮೇಂದ್ರ ಒಳಗಿನಿಂದ.

ಮಾದೇಶ ಎಳೆದ. ಬರಲಿಲ್ಲ. ನಾಲ್ಕು ಜನ ಎಳೆದರು. ಬರಲಿಲ್ಲ.

"ಚಿಲಕ ಬಿದ್ದದೆ" ಎಂದ ಮಾದೇಶ.

"ಎತ್ತಯ್ಯ ಮತ್ತೆ!"

"ಎತ್ತೋಕೆ ಅದು ಒಳಗಡೆ ಅದಲ್ಲಣ್ಣ. ಬಾಗಿಲ ಚಿಲಕ ಎಲ್ಲಾದ್ರೂ ಒರಗಡೆ ಆಕ್ತಾರಾ? ಕಳ್ಳ ಬರಲ್ವಾ?"

ಕತ್ತಲಲ್ಲಿ ಕೂತ ಧರ್ಮೇಂದ್ರನಿಗೆ ಹೊರಗಿನಿಂದ ಚಿಲಕದ ಪಾಠ ಆರಂಭವಾಯಿತು. ಮೇಲಕ್ಕೆ ಎಂದು ಕೆಲವರು, ಗುಡಿ ಕಡೆಗೆ ಎಂದು ಕೆಲವರು, ಸ್ಕೂಲ್ ಕಡೆಗೆ ಎಂದು ಮರಮ್ಮ. ಅರ್ಧ ಗಂಟೆ ಕಳೆದ ಮೇಲೆ ಮಾದೇಶ ಕೀಲಿನ ಸ್ಕ್ರೂಗಳನ್ನೇ ಬಿಚ್ಚಿ ಮುಚ್ಚಳ ಎತ್ತಿದ. ಧರ್ಮೇಂದ್ರ ಎದ್ದು ನಿಂತ. ಮೈಮೇಲೆ ನೀರು ಒಂದು ಹನಿ ಬಿದ್ದಿರಲಿಲ್ಲ. ಆದರೆ ಬೆವರಿನಿಂದ ತೊಪ್ಪೆಯಾಗಿದ್ದ, ಬಿಳಿ ಅಂಗಿಯ ಬೆನ್ನಿನ ತುಂಬ ರಾಳ. ನೇರವಾಗಿ ಹೋಗಿ ಕಾರು ಹತ್ತಿದ. ಬೆನ್ನು ಸೀಟಿಗೆ ಅಂಟಿಕೊಂಡಿತೆಂದು ಅವನ ಹೆಂಡತಿ ಆಮೇಲೆ ಫೋನಿನಲ್ಲಿ ಕುಳ್ಳಮ್ಮನಿಗೆ ಹೇಳಿದಳಂತೆ.

ತಹಶೀಲ್ದಾರರು ಹೊರಡುವ ಮುಂಚೆ ಊರನ್ನೊಮ್ಮೆ ಸುತ್ತಿದರು. ಎತ್ತ ನೋಡಿದರೂ ತೆಂಗಿನ ಸಸಿ. "ಡ್ಯಾಮೂ ಇಲ್ಲ, ಪರಿಹಾರವೂ ಇಲ್ಲ," ಎಂದರು. "ಆದರೆ ಗಿಡ ನೆಟ್ಟಿದ್ದೀರಿ, ಒಳ್ಳೇ ಕೆಲಸ. ಮಳೆಗಾಲದ ಹೊತ್ತಿಗೆ ಮತ್ತೆ ಬರ್ತೀನಿ. ಒಂದೂ ಒಣಗಿರಬಾರದು." ಜೀಪು ತಿರುವಿನಲ್ಲಿ ಮರೆಯಾಗುವವರೆಗೂ ಅವರ ನಗು ಕೇಳುತ್ತಿತ್ತು.

ಊರು ಆ ಸಂಜೆ ವೀರಭದ್ರಸ್ವಾಮಿಯನ್ನೂ ನಂಜಣ್ಣನನ್ನೂ ಸಮವಾಗಿ ಬೈದು ಮಲಗಿತು. ಬೆಳಿಗ್ಗೆ ಎದ್ದರೆ ಸಸಿಗಳ ಗರಿ ಬಾಗಿದ್ದವು. ಅಷ್ಟು ಗಿಡಕ್ಕೆ ಬಿಂದಿಗೆಯಲ್ಲಿ ನೀರು ಹೊತ್ತರೆ ನಡು ಮುರಿಯುತ್ತದೆ, ಟ್ಯಾಂಕರು ಊರಲ್ಲಿಲ್ಲ. ಏನು ಮಾಡುವುದೆಂದು ಟೀ ಅಂಗಡಿಯ ಮುಂದೆ ಎಲ್ಲರೂ ನಿಂತಿದ್ದಾಗ ಕುಳ್ಳಮ್ಮ ಹಾಲಿಗೆ ಬಂದವಳು ಒಂದು ಮಾತು ಹೇಳಿ ಹೋದಳು. "ಒಳಿಕ್ಕೆ ನೀರು ಬುಡದೆ ಇರೋದು ಒರಿಕ್ಕೂ ಬುಡಲ್ಲ ಕಣ್ರಪ್ಪ. ನಮ್ಮ ಇತ್ತಲಲ್ಲಿ ಬಿದ್ದದೆ, ತಕ್ಕೊಂಡೋಗಿ. ನಂಗೂ ಜಾಗ ಆಗ್ತದೆ."

ಹತ್ತು ಗಂಟೆಗೆ ದೋಣಿ ಟ್ರ್ಯಾಕ್ಟರಿನ ಟ್ರೇಲರ್ ಏರಿತ್ತು. ಬೋರಿನ ನೀರು ಅಂಚಿನವರೆಗೂ ತುಂಬಿತು. ತಳದಲ್ಲಿ ಒಂದು ಹನಿ ಜಿನುಗಲಿಲ್ಲ. ವೀರಭದ್ರಸ್ವಾಮಿಯನ್ನು ಯಾರೂ ಕರೆದಿರಲಿಲ್ಲ. ಆದರೂ ಪೈಪು ಹಿಡಿಯಲು ಒಬ್ಬ ಬೇಕಾಗಿ, ಅವನೇ ಮೇಲೆ ಹತ್ತಿ ಕೂತ. ಗುಡಿ ಬೀದಿಯಲ್ಲಿ ದೋಣಿ ಸಾಗಿದಾಗ, ಮುಖ ತಿರುಗಿಸಿದ್ದವರು ಒಬ್ಬೊಬ್ಬರಾಗಿ ಈ ಕಡೆ ತಿರುಗಿ, "ಅಣ್ಣ, ಈ ಗಿಡಕ್ಕೆ ಸ್ವಲ್ಪ" ಎನ್ನತೊಡಗಿದರು. ವಾರ ಕಳೆಯುವುದರೊಳಗೆ ಅವನಿಗೆ ಸೊಂಟಕ್ಕೆ ಕಟ್ಟಿಕೊಳ್ಳಲೊಂದು ಟವೆಲ್ಲು, ಇಳಿದಲ್ಲೆಲ್ಲ ಟೀ, ಊರ ತುಂಬ ಕೂಗು. ಇಲಾಖೆಯಲ್ಲಿದ್ದ ಮೂವತ್ತೊಂದು ವರ್ಷ ಯಾರೂ ಅವನನ್ನು ಇಷ್ಟು ಕಾದಿರಲಿಲ್ಲ.

ಒಂದು ದಿನ ಅವನು ನೀರು ಬಿಡುತ್ತಿದ್ದಾಗ ಧರ್ಮೇಂದ್ರನ ಫೋನು ಬಂತು. ಕೋಪ ಆರಿತ್ತು, ಕುತೂಹಲ ಆರಿರಲಿಲ್ಲ. "ಅಣ್ಣ, ಕಡೇಗೂ ದೋಣಿ ನೀರಿಗಿಳೀತಾ?"

"ಇಲ್ಲ ಕಣಪ್ಪ," ಎಂದ ವೀರಭದ್ರಸ್ವಾಮಿ, ಕತ್ತಿನವರೆಗೂ ತೊಯ್ದುಹೋಗಿ. "ನೀರೇ ದೋಣಿಗಿಳಿದದೆ."

ಇನ್ನೂ ಏನೋ ಹೇಳುವವನಿದ್ದ. ಅಷ್ಟರಲ್ಲಿ ಮರಮ್ಮ ರಸ್ತೆಯ ನಡುವೆ ನಿಂತು ಟ್ರ್ಯಾಕ್ಟರಿಗೆ ಅಡ್ಡಲಾಗಿ ಎರಡೂ ಕೈ ಚಾಚಿದಳು. "ಎಲ್ಲಿಗೆ ಓಯ್ತಾ ಇದ್ದೀಯ ಈರಭದ್ರಣ್ಣ? ಗುಡಿ ಕಡೆಯೋರು ನಿನ್ನೆನೇ ತಕ್ಕೊಂಡವ್ರೆ. ಇವತ್ತು ಸ್ಕೂಲ್ ಕಡೆ ಕಣಪ್ಪ, ತಿರುಗ್ಸು ದೋಣಿ!"